ಹಾಂಗ್‌ಝೌ: ಅಮನ್‌ಫಾಯುನ್‌ನಲ್ಲಿ ತಂಗುವುದೋ, ಫೋರ್ ಸೀಸನ್ಸ್‌ನಲ್ಲಿ ತಂಗುವುದೋ?

ಪ್ರಶ್ನೆ:
ಏಪ್ರಿಲ್ ಮೊದಲ ವಾರದಲ್ಲಿ ಎಪ್ಪತ್ತು ದಾಟಿದ ತಂದೆತಾಯಿಯರನ್ನು ಕರೆದುಕೊಂಡು ಶಾಂಘೈಗೆ ಹೋಗುವವನಿದ್ದೇನೆ. ಅಲ್ಲಿಂದ ವೇಗದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿಯಾದ ಹಾಂಗ್‌ಝೌನಲ್ಲಿ ಮೂರು ರಾತ್ರಿ ತಂಗುವ ಆಲೋಚನೆಯಿದೆ. ಅಮನ್‌ಫಾಯುನ್ ಮತ್ತು ಪಶ್ಚಿಮ ಸರೋವರದ ಬಳಿಯ ಫೋರ್ ಸೀಸನ್ಸ್ ಎರಡೂ ಹೋಟೆಲುಗಳು 2010ರಲ್ಲಿ ಆರಂಭವಾದವು, ಎರಡೂ ದುಬಾರಿ. ಚಿತ್ರಗಳನ್ನು ನೋಡಿದಷ್ಟೂ ಗೊಂದಲ ಹೆಚ್ಚುತ್ತಿದೆ. ತಂದೆಯವರಿಗೆ ಮಂಡಿನೋವು. ತಾಯಿಯವರು ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಮಂಡಿನೋವಿರುವವರಿಗೆ ಫೋರ್ ಸೀಸನ್ಸ್ ಅನುಕೂಲ ಎಂಬುದು ನನ್ನ ಅಭಿಪ್ರಾಯ. ಅದು ದಕ್ಷಿಣ ಚೀನಾದ ಹಳೆಯ ತೋಟಮನೆಗಳ ರೀತಿಯಲ್ಲಿ, ಕೊಳ, ಸೇತುವೆ, ವಿಲೋ ಮರಗಳ ನಡುವೆ ಕಟ್ಟಿದ ತಗ್ಗಾದ ಹೊಸ ಕಟ್ಟಡಗಳ ಸಮೂಹ; ಸರೋವರವೂ ಹತ್ತಿರದಲ್ಲೇ ಇದೆ. ಅಲ್ಲಿಂದ ಸು ಏರಿಯನ್ನು ತಪ್ಪದೆ ನೋಡಿ. ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಇಲ್ಲಿ ಅಧಿಕಾರಿಯಾಗಿದ್ದ ಕವಿ ಸು ಷಿ ಸರೋವರದ ಹೂಳೆತ್ತಿಸಿ, ಅದೇ ಮಣ್ಣಿನಿಂದ ಸುಮಾರು 2.8 ಕಿಲೋಮೀಟರ್ ಉದ್ದದ ಈ ಏರಿಯನ್ನು ಕಟ್ಟಿಸಿದ. ಕೆರೆ ಕಟ್ಟಿ ಬಾಳಿದ ನಾಡಿನವರಾದ ನಮಗೆ ಅದರ ಜಾಣತನವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉತ್ತರ 2:
ಮೇಲಿನವರ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಸರೋವರದ ದಡದಲ್ಲಿ ಸೊಗಸಾದ ಹೋಟೆಲು ಬೇರೆ ಊರುಗಳಲ್ಲೂ ಸಿಕ್ಕೀತು. ಅಮನ್‌ಫಾಯುನ್‌ನಂಥದ್ದು ಸಿಗುವುದು ಕಷ್ಟ. ಚಹಾ ಬೆಳೆಯುವವರ ಹಳ್ಳಿಯೊಂದರ ಮನೆಗಳನ್ನೇ ದುರಸ್ತಿ ಮಾಡಿ ಕೋಣೆಗಳಾಗಿಸಿದ್ದಾರೆ, ನಡುವಿನ ಕಲ್ಲುಹಾಸಿನ ಓಣಿಯಲ್ಲಿ ಭಿಕ್ಷುಗಳೂ ಯಾತ್ರಿಕರೂ ಇಂದಿಗೂ ಓಡಾಡುತ್ತಾರೆ. ಲಿಂಗ್‌ಯಿನ್ ದೇವಾಲಯ ಅಲ್ಲಿಂದ ನಡಿಗೆಯ ದೂರದಲ್ಲಿದೆ. ನಾಲ್ಕನೆಯ ಶತಮಾನದಲ್ಲಿ ಅದನ್ನು ಸ್ಥಾಪಿಸಿದವನು ಭಾರತದಿಂದ ಬಂದ ಹುಯಿಲಿ ಎಂಬ ಭಿಕ್ಷು. ಎದುರಿನ ಬೆಟ್ಟ ಬುದ್ಧ ಉಪದೇಶಿಸಿದ ಮಗಧದ ಗೃಧ್ರಕೂಟ ಬೆಟ್ಟವೇ ಹಾರಿ ಬಂದಂತಿದೆ ಎಂದು ಅವನು ಬೆರಗಾದನೆಂಬ ಐತಿಹ್ಯದಿಂದಲೇ ಅದಕ್ಕೆ ‘ಹಾರಿ ಬಂದ ಶಿಖರ’ ಎಂಬ ಹೆಸರು. ಮುಂಜಾನೆ, ಪ್ರವಾಸಿ ಬಸ್ಸುಗಳು ಬರುವ ಮೊದಲೇ, ಆ ಬಂಡೆಗಳ ಮೇಲಿನ ಬುದ್ಧಶಿಲ್ಪಗಳ ಎದುರು ನಿಲ್ಲುವುದಕ್ಕಾಗಿಯೇ ಜನ ಅಲ್ಲಿ ತಂಗುತ್ತಾರೆ.

ತಾಯಿಯವರ ಊಟದ ಚಿಂತೆ ಬೇಡ. ಚೀನಾದ ಬೌದ್ಧ ಮಠಗಳ ಸಸ್ಯಾಹಾರದಲ್ಲಿ ಈರುಳ್ಳಿ, ಬೆಳ್ಳುಳ್ಳಿಗಳು ಸಂಪ್ರದಾಯದಿಂದಲೇ ನಿಷಿದ್ಧ. ಆದರೆ ಸಾಮಾನ್ಯ ಹೋಟೆಲುಗಳಲ್ಲಿ ಬರಿದೇ ‘ಮಾಂಸ ಬೇಡ’ ಎಂದರೆ ಮಾಂಸದ ಸಾರು ಬೆರೆತಿರಬಹುದು; ಬೌದ್ಧರ ‘ಸು’, ಅಂದರೆ ಸಸ್ಯಾಹಾರದ, ಊಟ ಬೇಕೆಂದು ಚೀನೀ ಲಿಪಿಯಲ್ಲಿ ಬರೆಸಿಟ್ಟುಕೊಳ್ಳಿ.

ಉತ್ತರ 3:
ಹೋಟೆಲಿಗಿಂತ ಮೊದಲು ದಿನಾಂಕವನ್ನು ಯೋಚಿಸಿ. ಏಪ್ರಿಲ್ 4 ಅಥವಾ 5ರ ಸುಮಾರಿಗೆ ಛಿಂಗ್‌ಮಿಂಗ್ ಬರುತ್ತದೆ. ಪಿತೃಗಳನ್ನು ನೆನೆಯುವ ಆ ಹಬ್ಬದ ರಜೆಯಲ್ಲಿ ಸರೋವರದ ಸುತ್ತ ಕಾಲಿಡಲು ಜಾಗವಿರುವುದಿಲ್ಲ. ಒಂದು ವಾರ ಮುಂದೂಡಿದರೂ ಲೊಂಗ್‌ಜಿಂಗ್ ಚಹಾದ ಕೊಯ್ಲನ್ನು ನೋಡಬಹುದು, ಆದರೆ ಛಿಂಗ್‌ಮಿಂಗ್‌ಗೆ ಮುಂಚೆ ಕೊಯ್ದ ಎಳೆಯ ಚಿಗುರಿಗೇ ಬೆಲೆ ಹೆಚ್ಚು. ಇನ್ನು, ಫೋರ್ ಸೀಸನ್ಸ್ ಇರುವುದೂ ಲಿಂಗ್‌ಯಿನ್ ರಸ್ತೆಯಲ್ಲೇ. ಟ್ಯಾಕ್ಸಿಯಲ್ಲಿ ದೇವಾಲಯ ದೂರವೇನಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಪ್ರಯಾಣವನ್ನು ಏಪ್ರಿಲ್ 12ಕ್ಕೆ ಮುಂದೂಡಿದ್ದೇನೆ. ಎರಡು ರಾತ್ರಿ ಸರೋವರದ ಬಳಿ, ಕೊನೆಯ ರಾತ್ರಿ ಫಾಯುನ್ ಓಣಿಯಲ್ಲಿ. ಗೃಧ್ರಕೂಟದ ಕಥೆ ಕೇಳಿದ ಮೇಲೆ ತಂದೆಯವರೇ ಹಟ ಹಿಡಿದಿದ್ದಾರೆ.