ಲಿಲಿಯಲ್ ಇರುವ ಲೋಷನ್ ಬಿಸಾಕಬೇಕಾ? ಅನುಭವ ಇದ್ದವರು ಹೇಳಿ

ಠಾಣೆ ಹುಡುಗ
ಅಕ್ಕ, ಅಣ್ಣಂದಿರೇ, ದುಬೈಯಿಂದ ಭಾವ ತಂದುಕೊಟ್ಟ ಬಾಡಿ ಲೋಷನ್ ಎರಡು ಬಾಟಲಿ ಮನೆಯಲ್ಲಿದೆ. ಹಳೇ ಸ್ಟಾಕ್. ಹಿಂದುಗಡೆ ಸಣ್ಣ ಅಕ್ಷರದಲ್ಲಿ ಬ್ಯುಟೈಲ್‌ಫಿನೈಲ್ ಮೀಥೈಲ್‌ಪ್ರೊಪಿಯೊನಲ್ ಎಂದಿದೆ. ಲಿಲಿಯಲ್ ಅನ್ನೋ ಸೆಂಟಿನ ರಾಸಾಯನಿಕ ಅಂದರೆ ಇದೇ ಅಂತೆ, ಯುರೋಪಿನಲ್ಲಿ 2022ರ ಮಾರ್ಚ್ 1ರಿಂದ ಸೌಂದರ್ಯ ವಸ್ತುಗಳಲ್ಲಿ ನಿಷೇಧ. ಹೆಂಡತಿಗೆ ಈಗ ನಾಲ್ಕು ತಿಂಗಳು. ಒಂದು ತಿಂಗಳಿಂದ ದಿನಾ ಹಚ್ಚಿಕೊಂಡಿದ್ದಾಳೆ. ಡಾಕ್ಟರು "ಹೆದರಬೇಡಿ, ನಿಲ್ಲಿಸಿಬಿಡಿ" ಅಂದರು. ನಿಲ್ಲಿಸಿದ್ದಾಳೆ. ಆದರೆ ಅಮ್ಮ "ಇಷ್ಟು ದುಬಾರಿ ಸಾಮಾನು" ಅಂತ ತಮ್ಮ ಕಾಲಿಗೆ ಹಚ್ಚಿಕೊಳ್ಳುತ್ತಿದ್ದಾರೆ. ಏನು ಮಾಡಲಿ? ಬದಲಿಗೆ ಯಾವುದು ತರಲಿ?

ಡೊಂಬಿವಲಿ ಅಕ್ಕ
ತಮ್ಮಾ, ಈ ಸೆಂಟಿನ ಸಹವಾಸದಿಂದ ನಾನು ಪಟ್ಟಿದ್ದು ಕೇಳು. ಕುತ್ತಿಗೆ ಸುತ್ತ ತುರಿಕೆ. ಮೊದಲನೇ ಡಾಕ್ಟರು ಹುಳುಕಡ್ಡಿ ಅಂದರು. ಎರಡು ಸಲದ ಫೀಸು 1,400, ಮೂರು ಟ್ಯೂಬು ಮುಲಾಮು 1,050. ಹಚ್ಚಿದಾಗ ಹೋಗುತ್ತಿತ್ತು, ಬಿಟ್ಟ ವಾರಕ್ಕೆ ಇಮ್ಮಡಿಯಾಗಿ ಬರುತ್ತಿತ್ತು. ಎಂಟು ತಿಂಗಳು ಹೀಗೇ ಹೋಯಿತು. ಇನ್ನೊಬ್ಬರು ಯಾವುದರಿಂದ ಅಲರ್ಜಿ ಅಂತ ತಿಳಿಯೋಕೆ ಪ್ಯಾಚ್ ಟೆಸ್ಟ್ ಮಾಡಿಸಿ ಅಂದರು, ಅದಕ್ಕೆ 3,800. ಬೆನ್ನಿಗೆ ಸಾಲುಸಾಲಾಗಿ ಪುಟ್ಟ ಬಿಲ್ಲೆ ಅಂಟಿಸಿ ಎರಡು ದಿನ ತೆಗೆಯಬಾರದು, ಬೆನ್ನು ತೊಳೆಯಬಾರದು, ಬೆವರಬಾರದು. ಮೇ ತಿಂಗಳು! 8:11ರ ಲೋಕಲ್‌ನಲ್ಲಿ ಬೆವರಬಾರದು ಅಂದರೆ ಹೇಗೆ? ಘಾಟ್ಕೋಪರ್ ದಾಟುವಷ್ಟರಲ್ಲಿ ಒಂದು ಪಟ್ಟಿ ಬಿಚ್ಚಿಕೊಂಡು ಬ್ಲೌಸಿನೊಳಗೆ ಜೋತಾಡುತ್ತಿತ್ತು. ಹಿಂದೆ ನಿಂತ ಹೆಂಗಸು "ತಾಯಿ, ಬೆನ್ನಿಗೆ ಏನೋ ಅಂಟಿದೆ" ಅಂತ ಎಳೆಯೋಕೇ ಬಂದಳು. 48 ಗಂಟೆಗೆ ಒಮ್ಮೆ, 96 ಗಂಟೆಗೆ ಒಮ್ಮೆ ನೋಡಿದರು, ಅದರ ಫೀಸು 1,400. ಫ್ರೇಗ್ರೆನ್ಸ್ ಮಿಕ್ಸ್, ಅಂದರೆ ಸೆಂಟಿನ ಪದಾರ್ಥಗಳ ಮಿಶ್ರಣ, ಹಾಕಿದ ಜಾಗ ಮಾತ್ರ ಕೆಂಪಗೆ ಉಬ್ಬಿತ್ತು. ಆಟೋಗೆ 650. ಬಿಸಾಕಿದ ಡಿಯೋ, ಎಣ್ಣೆ, ಪೌಡರು ಸೇರಿ 2,900. ಒಟ್ಟು 11,400. ಎಲ್ಲ ಬಿಸಾಕು.

ಕೋಥ್ರೂಡ್ ಸೋಪು
ಅದಕ್ಕೇ ನಾನು ನ್ಯಾಚುರಲ್‌ಗೆ ಬಂದಿದ್ದು. ಪುಣೆಯಲ್ಲಿ ಮನೆಯಲ್ಲೇ ಸೋಪು ಮಾಡುತ್ತೇನೆ, ಆರು ವರ್ಷ ಆಯಿತು. ಮೊದಲು ಮುಂಬಯಿಯ ಒಬ್ಬ ಸಪ್ಲೈಯರ್ ಹತ್ತಿರ ಮಲ್ಲಿಗೆ ಕಾಂಪೌಂಡ್ (ಬೆರೆಸಿಟ್ಟ ಸೆಂಟು) 5 ಕಿಲೋ ತರಿಸಿದ್ದೆ, ಕಿಲೋಗೆ 2,800, ಅಂದರೆ 14,000. ಹಾಲೆಂಡಿನಲ್ಲಿ ಅಂಗಡಿ ಇಟ್ಟಿರುವ ನಾದಿನಿ ಇಫ್ರಾ (ಸೆಂಟು ತಯಾರಕರ ಅಂತರರಾಷ್ಟ್ರೀಯ ಸಂಘ) ನಿಯಮದ ಸರ್ಟಿಫಿಕೇಟು, ಅಲರ್ಜಿ ಮಾಡುವ ಪದಾರ್ಥಗಳ ಪಟ್ಟಿ ಎರಡೂ ಕೇಳಿದಳು. ಹತ್ತು ಸಲ ಫೋನ್ ಮಾಡಿದ ಮೇಲೆ ಪಟ್ಟಿ ಬಂತು. ಅದರಲ್ಲಿ ಲಿಲಿಯಲ್! ಸಪ್ಲೈಯರ್‌ನನ್ನು ಕೇಳಿದರೆ "ಮೇಡಂ, ಇಷ್ಟು ವರ್ಷ ಯಾರೂ ಕೇಳಿಲ್ಲ". 260 ಸೋಪು, ಐದು ವಾರ ಒಣಗಿಸಿ ಇಟ್ಟಿದ್ದು, ಒಂದೂ ಕಳಿಸಲಿಲ್ಲ. ಕೊನೆಗೆ ಗಣಪತಿ ಹಬ್ಬಕ್ಕೆ ಸೊಸೈಟಿಯ ಮನೆಗೆಲಸದವರಿಗೆ, ವಾಚ್‌ಮನ್‌ಗಳಿಗೆ ಹಂಚಿಬಿಟ್ಟೆ. ಈಗ ಬರೀ ಲ್ಯಾವೆಂಡರ್, ನಿಂಬೆ ಎಣ್ಣೆ. ಹೆದರಿಕೆಯೇ ಇಲ್ಲ.

ಮಡಗಾಂವ್‌ಕರ
ಡಚ್ಚರ ಮೈಗೆ ಆಗದ್ದು ವಾಚ್‌ಮನ್ ಮೈಗೆ ಆಗುತ್ತಾ ಮೇಡಂ?

ಕೋಥ್ರೂಡ್ ಸೋಪು
ಆಗ ಇಲ್ಲಿ ಎಲ್ಲರೂ ಅದನ್ನೇ ಮಾರುತ್ತಿದ್ದರು ಸರ್. ನಾನು ಪುಕ್ಕಟೆ ಕೊಟ್ಟೆ.

ಮಡಗಾಂವ್‌ಕರ
ಪುಕ್ಕಟೆ ಅಂದ ಮೇಲೆ ಸರಿ ಬಿಡಿ! ನಾನು ಹೋಟೆಲ್ ಹೌಸ್‌ಕೀಪಿಂಗ್‌ನವನು. ದಿನಾ ಇಂಥ ಪುಕ್ಕಟೆ ಸೋಪಿನಲ್ಲೇ ಕೈ ತೊಳೆಯೋದು. ಬೆರಳ ಸಂದಿ ಸೀಳಿ ರಕ್ತ ಬಂದು ಹನ್ನೊಂದು ದಿನ ಸಂಬಳ ಹೋಯಿತು. ಆಮೇಲೆ "ಅನ್‌ಸೆಂಟೆಡ್" ಅಂತ ಬರೆದಿದ್ದನ್ನು ಹುಡುಕಿ ತಂದೆ, 420 ರೂಪಾಯಿ. ಅದರಲ್ಲೂ ಸೆಂಟು ಇತ್ತು! ಬೇರೆ ವಾಸನೆ ಮುಚ್ಚೋಕೆ ಹಾಕ್ತಾರಂತೆ. "ಫ್ರೇಗ್ರೆನ್ಸ್ ಫ್ರೀ" ಅಂತಿದ್ದರೆ ಮಾತ್ರ ತಗೊಳ್ಳಿ, ಅದನ್ನೂ ಹಿಂದೆ ತಿರುಗಿಸಿ ಓದಿ.

ಮುಲುಂಡ್ ಮಾಮ
ಎಲ್ಲರೂ ಕಿಚಡಿ ಮಾಡುತ್ತಿದ್ದೀರಿ. 31 ವರ್ಷ ಸೆಂಟು ಬೆರೆಸುವ ಪರ್ಫ್ಯೂಮ್ ಕಾಂಪೌಂಡಿಂಗ್‌ನಲ್ಲಿ ಕೆಲಸ ಮಾಡಿ ರಿಟೈರ್ ಆದವನು ನಾನು. ಲಿಲಿಯಲ್ ಬೇರೆ, ಲೈರಲ್ ಬೇರೆ. ಲೈರಲ್ ಕೂಡ ಸೆಂಟಿನ ರಾಸಾಯನಿಕವೇ, ಆದರೆ ಅದು ಹೋಗಿದ್ದು ಚರ್ಮದ ಅಲರ್ಜಿಗೆ. ಯುರೋಪಿನಲ್ಲಿ 2019ರ ಆಗಸ್ಟ್‌ನಿಂದ ಹೊಸ ಮಾಲು ಬಂದ್, 2021ರ ಆಗಸ್ಟ್‌ನಿಂದ ಅಂಗಡಿಯಲ್ಲೂ ಬಂದ್. ಲಿಲಿಯಲ್ ಕಥೆ ಸಂತಾನಶಕ್ತಿಯದ್ದು. ಇಲಿಗಳಿಗೆ ತಿನ್ನಿಸಿ ನೋಡಿದಾಗ ಗಂಡಿಲಿಗಳಿಗೆ ಹಾನಿ ಕಂಡಿತು. 2019ರಲ್ಲಿ ಅಲ್ಲಿನ ವಿಜ್ಞಾನಿಗಳ ಸಮಿತಿ ಲೋಷನ್, ಶಾಂಪೂ, ಡಿಯೋ ಎಲ್ಲ ಒಬ್ಬರೇ ದಿನಾ ಬಳಸಿದರೆ ಒಟ್ಟು ಮೊತ್ತ ಸುರಕ್ಷಿತ ಅನ್ನಲಾಗದು ಎಂದಿತು. ಲೆಕ್ಕ ಒಟ್ಟಿನದ್ದು, ಒಂದು ಬಾಟಲಿಯದ್ದಲ್ಲ. ಡೊಂಬಿವಲಿ ತಾಯಿಯ ತುರಿಕೆಗೂ ಈ ಹುಡುಗನ ಪ್ರಶ್ನೆಗೂ ಸಂಬಂಧವಿಲ್ಲ.

ಇನ್ನು ಆ ನ್ಯಾಚುರಲ್ ಮೇಡಂ. ಲ್ಯಾವೆಂಡರಿನಲ್ಲಿ ಲಿನಲೂಲ್, ನಿಂಬೆಯಲ್ಲಿ ಲಿಮೊನೀನ್ ಅನ್ನೋ ಘಮದ ಪದಾರ್ಥ ಇವೆ. ಡಬ್ಬಿ ಮುಚ್ಚಳ ತೆಗೆದು ಗಾಳಿಗೆ ಇಟ್ಟರೆ ಇವು ಆಕ್ಸಿಡೈಸ್ ಆಗುತ್ತವೆ, ಅಲರ್ಜಿ ಮಾಡೋದು ಮುಖ್ಯವಾಗಿ ಆ ಹಳಸಿದ ರೂಪ. ಯುರೋಪಿನಲ್ಲಿ ಇವೆರಡನ್ನೂ ಲೇಬಲ್ಲಿನಲ್ಲಿ ಹೆಸರು ಹಾಕಿ ಬರೆಯಬೇಕು. ಹಚ್ಚಿಟ್ಟುಕೊಳ್ಳುವ ವಸ್ತುವಿನಲ್ಲಿ 0.001 ಪರ್ಸೆಂಟ್, ತೊಳೆದುಹಾಕುವುದರಲ್ಲಿ 0.01 ದಾಟಿದರೆ ಸಾಕು. ಗಿಡದಿಂದ ಬಂತಾ, ಫ್ಯಾಕ್ಟರಿಯಿಂದ ಬಂತಾ ಅಂತ ಕೇಳೋದೇ ಇಲ್ಲ. ಹೀಗೆ ಬರೆಯಬೇಕಾದ ಪಟ್ಟಿಯಲ್ಲಿ ಮೊದಲು 26 ಹೆಸರಿತ್ತು, 2023ರ ನಿಯಮದಲ್ಲಿ 80 ದಾಟಿತು. ಹೊಸ ಮಾಲಿಗೆ 2026ರ ಜುಲೈ 31 ಗಡುವು. ನಮ್ಮ ಕಡೆ ಡಬ್ಬಿ ತಿರುಗಿಸಿದರೆ ಎಷ್ಟೋ ಸಲ "ಪರ್ಫ್ಯೂಮ್" ಅನ್ನೋ ಒಂದೇ ಪದ.

ಕೋಥ್ರೂಡ್ ಸೋಪು
ನನ್ನ ಎಣ್ಣೆ ಫ್ರಿಜ್ಜಿನಲ್ಲಿ ಇರುತ್ತದೆ ಮಾಮ. ಬಣ್ಣದ ಗಾಜಿನ ಬಾಟಲಿ. ಬಂದು ನೋಡಿ ಬೇಕಾದರೆ. 31 ವರ್ಷ ನೀವು ಬೆರೆಸಿದ್ದನ್ನು ನಾವು ಹಚ್ಚಿಕೊಂಡಿದ್ದು, ಅದನ್ನು ಯಾರಿಗೆ ಕೇಳೋಣ?

ಮುಲುಂಡ್ ಮಾಮ
ಬೆರೆಸಿದ್ದೇನೆ, ಇಲ್ಲ ಅನ್ನಲ್ಲ. ಆಗ ಮಸ್ಕ್ ಆಂಬ್ರೆಟ್ ಅನ್ನೋ ಕಸ್ತೂರಿ ಘಮದ ರಾಸಾಯನಿಕ ಕೂಡ ಬೆರೆಸಿದ್ದೇವೆ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಕೆಲವರ ಮುಖ ಉರಿಯುತ್ತಿತ್ತು. ಅದೂ ನಿಂತಿತು. ಬೇರೆ ನಮೂನೆ ಸೂತ್ರ ಕೂರಿಸೋಕೆ ಎಷ್ಟು ತಿಂಗಳು ಒದ್ದಾಡಿದ್ದೇವೆ ಗೊತ್ತಾ? ಲಿಲಿಯಲ್ ತೆಗೆದರೆ ಒಗೆದ ಬಟ್ಟೆಯ ಆ ಹೂವಿನ ಘಮವೇ ಬರಲ್ಲ. ಲಿಲಿ ಆಫ್ ದ ವ್ಯಾಲಿ ಹೂವಿನಿಂದ ಮಾರುವಷ್ಟು ಎಣ್ಣೆ ತೆಗೆಯೋಕೆ ಆಗಲ್ಲ. ಅದಕ್ಕೇ ಆ ಹೂವಿನ ಘಮಕ್ಕೆ ಲಿಲಿಯಲ್ ಮಾಡಿದ್ದು.

ಡೊಂಬಿವಲಿ ಅಕ್ಕ
ನನ್ನ ತುರಿಕೆಗೆ ಸಂಬಂಧ ಇಲ್ಲ ಅಂದರಲ್ಲ, ನಿಮ್ಮ ಬೆನ್ನಿಗೆ ಪಟ್ಟಿ ಹಾಕಿ ಲೋಕಲ್ ಹತ್ತಿಸಬೇಕು. ಲಿಲಿಯಲ್ ಅಂತೆ, ಲೈರಲ್ ಅಂತೆ, ಹೆಸರು ಇಟ್ಟಿದ್ದು ನೀವೇ ತಾನೇ? ಕೆರೆದುಕೊಂಡಿದ್ದು ನಾವು.

ಮಡಗಾಂವ್‌ಕರ
ಅಕ್ಕ, ಸರಿಯಾಗಿ ಹೇಳಿದಿರಿ. ಇಲ್ಲಿ ಸೊಸೈಟಿ ಲಿಫ್ಟಿನಲ್ಲಿ ಸ್ಪ್ರೇ ಹಾಕುತ್ತಾರೆ, ಮೂರನೇ ಮಹಡಿ ಬರುವಷ್ಟರಲ್ಲಿ ನನಗೆ ಸೀನು. ಸೆಕ್ರೆಟರಿಗೆ ಹೇಳಿದರೆ "ಅಗರಬತ್ತಿ ಹಚ್ಚಲ್ವಾ ನೀವು?" ಅಂತಾರೆ.

ಮುಲುಂಡ್ ಮಾಮ
ಹಚ್ಚಲ್ವಾ?

ಮಡಗಾಂವ್‌ಕರ
ದೇವರ ವಿಷಯ ತೆಗೀಬೇಡಿ ಮಾಮ.

ಠಾಣೆ ಹುಡುಗ
ಎಲ್ಲರಿಗೂ ಧನ್ಯವಾದ. ಅಮ್ಮನ ಕೈಯಿಂದ ಬಾಟಲಿ ತಗೊಂಡೆ. ಮಾತು ಬಿಟ್ಟಿದ್ದಾರೆ. ಇನ್ನೊಂದು ಬಾಟಲಿ ಸೀಲ್ ಒಡೆದಿಲ್ಲ, ಭಾವನಿಗೇ ವಾಪಸ್ ಕೊಡಲಾ? ಬದಲಿಗೆ ಏನು ಹಚ್ಚೋದು ಅಂತ ಯಾರೂ ಹೇಳಲಿಲ್ಲ.

ಮುಲುಂಡ್ ಮಾಮ
ಡೊಂಬಿವಲಿ ತಾಯಿ, ನಿಮ್ಮ ಲೆಕ್ಕ ಕೂಡಿಸಿ ನೋಡಿದೆ. 11,200 ಬರುತ್ತದೆ, 11,400 ಅಲ್ಲ.

ಡೊಂಬಿವಲಿ ಅಕ್ಕ
ಬಿಚ್ಚಿಹೋದ ಪಟ್ಟಿ ಮತ್ತೆ ಅಂಟಿಸೋಕೆ ದಾದರ್‌ನಲ್ಲಿ ಇಳಿದು ಮೆಡಿಕಲ್‌ನಲ್ಲಿ ಟೇಪು ತಗೊಂಡೆ ಮಾಮ. 200.