ಓಡುವಾಗ ತಂಪು, ನಿಂತರೆ ಬಿಸಿ: ಹಳೆಯ ಬಾಕ್ಸ್‌ಸ್ಟರ್‌ನ ಎಸಿ ಕಥೆ

ಪ್ರಶ್ನೆ (ಕೋಡಿಬಾಗ, ಕಾರವಾರ):
ಅಣ್ಣಾ, ನಮಸ್ಕಾರ. ನನ್ನದು 2003ರ ಪೋರ್ಶೆ ಬಾಕ್ಸ್‌ಸ್ಟರ್, 986 ಮಾಡೆಲ್. ಮುಂಬೈಯಲ್ಲಿರುವ ಸೋದರಮಾವನಿಂದ ನನಗೆ ಬಂದದ್ದು. ಹೈವೇಯಲ್ಲಿ ಅಂಕೋಲೆ ಕಡೆಗೆ ಹೋಗುವಾಗ ಎಸಿ ತಕ್ಕಮಟ್ಟಿಗೆ ತಂಪಾಗಿರುತ್ತದೆ. ಮಾಜಾಳಿ ಚೆಕ್‌ಪೋಸ್ಟ್‌ನಲ್ಲಿ ಸಾಲಲ್ಲಿ ನಿಂತರೆ ಐದೇ ನಿಮಿಷ, ಬಿಸಿಗಾಳಿ ಶುರು. ಎರಡು ವರ್ಷದಲ್ಲಿ ಮೂರು ಸಲ ಗ್ಯಾಸ್ ತುಂಬಿಸಿದೆ. ಪ್ರತಿ ಸಲವೂ "ಗ್ಯಾಸ್ ಕಮ್ಮಿ" ಅಂದರು, ತುಂಬಿದರು, ದುಡ್ಡು ತಗೊಂಡರು. ಈಗ ಗ್ಯಾಸ್ ಒತ್ತುವ ಕಂಪ್ರೆಸರೇ ಹೋಗಿದೆ, ಹೊರದೇಶದಿಂದ ತರಿಸಬೇಕು ಅನ್ನುತ್ತಿದ್ದಾರೆ. ತರಿಸಲಾ?

ಉತ್ತರ (ಎಸಿ ಮೆಕ್ಯಾನಿಕ್):
ತರಿಸಬೇಡ ತಮ್ಮಾ, ಸ್ವಲ್ಪ ತಡಿ. ಕಂಪ್ರೆಸರ್ ಸತ್ತಿದ್ದರೆ ಅಂಕೋಲೆ ದಾರಿಯಲ್ಲೂ ತಂಪು ಬರುತ್ತಿರಲಿಲ್ಲ. ಓಡುವಾಗ ತಂಪು, ನಿಂತಾಗ ಬಿಸಿ ಅಂದರೆ ನಾನು ಮೊದಲು ನೋಡುವುದು ಗಾಳಿಯನ್ನು, ಗ್ಯಾಸನ್ನಲ್ಲ.

ನಿನ್ನ ಗಾಡಿಯಲ್ಲಿ ಎಂಜಿನ್ ಇರುವುದು ಸೀಟಿನ ಹಿಂದೆ. ಕಂಪ್ರೆಸರ್ ಕೂಡ ಅಲ್ಲೇ. ಆದರೆ ಗ್ಯಾಸಿನ ಬಿಸಿ ಹೊರಹಾಕುವ ಕಂಡೆನ್ಸರ್ ಮುಂದಿದೆ. ಅದೂ ಒಂದಲ್ಲ, ಎರಡು. ಮುಂದಿನ ಬಂಪರ್‌ನ ಎಡಕ್ಕೂ ಬಲಕ್ಕೂ ದೊಡ್ಡ ಬಾಯಿ ಇದೆಯಲ್ಲ, ಅದರ ಒಳಗೆ ಮೊದಲು ಕಂಡೆನ್ಸರ್, ಅದರ ಬೆನ್ನಿಗೆ ರೇಡಿಯೇಟರ್, ಆಮೇಲೆ ಫ್ಯಾನ್. ಆ ಬಾಯಿ ನೆಲಕ್ಕೆ ಹತ್ತಿರ. ರಸ್ತೆಯ ಎಲೆ, ಮರಳು, ಪ್ಲಾಸ್ಟಿಕ್ ಎಲ್ಲ ಒಳಗೆ ಹೋಗಿ ಕೂರುತ್ತದೆ. ಗಾಡಿ ಓಡುವಾಗ ಎದುರುಗಾಳಿ ನುಗ್ಗಿ ಹೇಗೋ ಕೆಲಸ ನಡೆಯುತ್ತದೆ. ನಿಂತಾಗ ಫ್ಯಾನೇ ಗತಿ.

ಇವತ್ತೇ ಎರಡು ಪರೀಕ್ಷೆ ಮಾಡು, ಖರ್ಚಿಲ್ಲ. ಎಂಜಿನ್ ಚಾಲೂ ಮಾಡಿ ಎಸಿ ಹಾಕು, ಬಂಪರ್ ಎದುರು ಕೂತು ಎರಡೂ ಕಡೆ ಕಿವಿ ಕೊಡು. ಎಸಿ ಹಾಕಿದ ಕೂಡಲೇ ಎರಡೂ ಫ್ಯಾನ್ ನಿಧಾನ ಸ್ಪೀಡಿನಲ್ಲಿ ತಿರುಗಬೇಕು. ಆಮೇಲೆ, ಗಾಳಿ ಬಿಸಿಯಾದ ಹೊತ್ತಿಗೆ ತೋಟದ ಪೈಪ್ ತಂದು ಆ ಎರಡು ಬಾಯಿಯೊಳಗೆ ಮೆತ್ತಗೆ ನೀರು ಬಿಡು. ಗಾಡಿ ನಿಂತಲ್ಲೇ ತಂಪು ವಾಪಸ್ ಬಂದರೆ ಕಂಪ್ರೆಸರ್‌ಗೆ ಏನೂ ಆಗಿಲ್ಲ ಅಂತಲೇ ಅರ್ಥ.

ಒಂದು ಕೇಳಬೇಕಿತ್ತು. ಗಾಡಿ ಎಲ್ಲಿ ನಿಲ್ಲಿಸುತ್ತೀಯ?

ಪ್ರಶ್ನೆ ಕೇಳಿದವರು:
ಮನೆ ಎದುರು ಗಾಳಿಮರದ ಕೆಳಗೆ ಅಣ್ಣಾ. ಸಮುದ್ರ ಕೂಗಳತೆಯಲ್ಲಿದೆ.

ನೀರು ಬಿಟ್ಟೆ. ಎರಡು ನಿಮಿಷದಲ್ಲಿ ತಂಪು ಬಂತು, ನಂಬಲೇ ಆಗಲಿಲ್ಲ! ಫ್ಯಾನ್ ಮಾತ್ರ ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಎಡಗಡೆಯದು ಒಮ್ಮೆಲೇ ಜೋರಾಗಿ ತಿರುಗಿ ಮತ್ತೆ ನಿಂತಿತು. ಪರಿಚಯದ ಹುಡುಗನೊಬ್ಬ ಗ್ಯಾಸಿನ ಒತ್ತಡ ಅಳೆಯುವ ಗೇಜ್ ಹಾಕಿ ನೋಡಿದ. ನಿಂತಾಗ ಲೋ ಸೈಡ್ (ಕಂಪ್ರೆಸರ್‌ಗೆ ಗ್ಯಾಸ್ ಬರುವ ಕಡೆ) 55, ಹೈ ಸೈಡ್ (ಹೊರಡುವ ಕಡೆ) 330 ಪಿಎಸ್‌ಐ ಇತ್ತಂತೆ.

ಉತ್ತರ:
ಗಾಳಿಮರ ಅಂದ ಕೂಡಲೇ ಅರ್ಧ ಕಥೆ ಗೊತ್ತಾಯಿತು! ಅದರ ಸೂಜಿಯಂಥ ಎಲೆ ಬಂಪರ್ ಬಾಯಿಯೊಳಗೆ ನುಗ್ಗಿ ಕಂಡೆನ್ಸರ್–ರೇಡಿಯೇಟರ್ ನಡುವಿನ ಸಂದಿಗೆ ಇಳಿದು ಕಂಬಳಿಯ ಹಾಗೆ ಹೆಣೆದುಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಚೊಕ್ಕಟವೇ.

ಈಗ ಗೇಜಿನ ಲೆಕ್ಕ. ಎರಡೂ ಕಡೆ ಕಮ್ಮಿ ಇದ್ದರೆ ಗ್ಯಾಸ್ ಕಮ್ಮಿ. ಲೋ ಜಾಸ್ತಿ, ಹೈ ಕಮ್ಮಿ ಇದ್ದರೆ ಕಂಪ್ರೆಸರ್ ಮೇಲೆ ಅನುಮಾನ. ನಿನ್ನದು ಎರಡೂ ಜಾಸ್ತಿ. ಹಾಗಾದರೆ ಕಂಡೆನ್ಸರ್‌ನಿಂದ ಬಿಸಿ ಹೊರಗೆ ಹೋಗುತ್ತಿಲ್ಲ, ಇಲ್ಲವೇ ಗ್ಯಾಸ್ ಅತಿಯಾಗಿದೆ. ನಿನ್ನಲ್ಲಿ ಎರಡೂ ಸೇರಿರಬೇಕು. ತೂಕ ಹಾಕದೆ ಬರೀ ಗೇಜ್ ನೋಡಿ ತುಂಬಿದರೆ ಹೀಗೇ ಆಗುವುದು. ಎಷ್ಟು ಗ್ರಾಂ ಹಿಡಿಸಬೇಕು ಅಂತ ಗಾಡಿಯ ಸ್ಟಿಕ್ಕರ್‌ನಲ್ಲೇ ಬರೆದಿರುತ್ತದೆ, ಓದುವವರು ಕಮ್ಮಿ.

ಫ್ಯಾನ್ ವಿಷಯ ಕೇಳು. ನಿಧಾನ ಸ್ಪೀಡಿಗೆ ಕರೆಂಟ್ ಅದನ್ನು ತಗ್ಗಿಸುವ ಒಂದು ರೆಸಿಸ್ಟರ್ ಮೂಲಕ ಬರುತ್ತದೆ. ಜೋರು ಸ್ಪೀಡಿಗೆ ಅದರ ಹಂಗಿಲ್ಲ, ರಿಲೇ ಅನ್ನುವ ಸ್ವಿಚ್ಚಿನಿಂದ ನೇರ ಬರುತ್ತದೆ. ಎಡಗಡೆಯದು ಜೋರಾಗಿ ತಿರುಗಿತು ಅಂದರೆ ಮೋಟರ್ ಸರಿ ಇದೆ, ರೆಸಿಸ್ಟರ್ ತುಂಡಾಗಿರಬೇಕು. ಬಲಗಡೆ ಎರಡು ಸ್ಪೀಡೂ ಇಲ್ಲವಾದರೆ ಫ್ಯೂಸ್, ರಿಲೇ ನೋಡಿ ಆಮೇಲೆ ಮೋಟರ್‌ಗೆ ನೇರ 12 ವೋಲ್ಟ್ ಕೊಟ್ಟು ಪರೀಕ್ಷೆ ಮಾಡಿಸು. ರೆಸಿಸ್ಟರ್ ಇರುವುದು ಬಂಪರ್ ಹಿಂದೆ, ನೀರು ಕೆಸರು ಎರಚುವ ಜಾಗದಲ್ಲೇ. ಅದರ ಮೇಲೆ ಉಪ್ಪುಗಾಳಿ ಬೇರೆ. ನಮ್ಮ ಕಡೆ ಮನೆ ಗೇಟೇ ಉಳಿಯುವುದಿಲ್ಲ, ಅದು ಹೇಗೆ ಉಳಿದೀತು?

ಬಂಪರ್ ಬಿಚ್ಚಿಸು. ಬಿಚ್ಚದೆ ಆ ಸಂದಿ ತೊಳೆಯಲು ಆಗುವುದಿಲ್ಲ. ಪ್ರೆಶರ್ ವಾಶ್ ಹತ್ತಿರ ಹಿಡಿಯಬೇಡಿ, ಕಂಡೆನ್ಸರ್‌ನ ತೆಳು ತಗಡಿನ ಫಿನ್ ಮಡಚಿ ಹೋಗುತ್ತದೆ. ಮೆತ್ತನೆ ಬ್ರಶ್, ಸಾದಾ ನೀರು ಸಾಕು. ಆಗಲೇ ಕಂಡೆನ್ಸರ್‌ನ ಕೆಳಗಿನ ಅಂಚು ಬೆರಳಿಂದ ಸವರಿ ನೋಡಿ. ಎಣ್ಣೆ ಹತ್ತಿದರೆ ಅಲ್ಲೇ ಲೀಕ್. ಗ್ಯಾಸ್‌ಗೆ ಬಣ್ಣ ಇಲ್ಲ, ಅದು ಹೋದ ದಾರಿಯಲ್ಲಿ ಕಂಪ್ರೆಸರ್ ಎಣ್ಣೆಯ ಕಲೆ ಮಾತ್ರ ಉಳಿಯುತ್ತದೆ.

ನಡುವೆ ಒಬ್ಬರು:
ಲೀಕ್ ನಿಲ್ಲಿಸುವ ಡಬ್ಬಿ ಸಿಗುತ್ತದಲ್ಲ, ಅದನ್ನೇ ಹಾಕಿದರೆ ಅಗ್ಗ ಅಲ್ವಾ?

ಉತ್ತರ:
ಅಗ್ಗವೇ. ನನ್ನ ಹತ್ತಿರ ಮಾತ್ರ ತರಬೇಡಿ ಮಾರಾಯ್ರೆ. ಆ ಅಂಟು ತಂಪು ಮಾಡುವ ಕಾಯಿಲ್‌ಗೆ ಗ್ಯಾಸ್ ಬಿಡುವ ಎಕ್ಸ್‌ಪ್ಯಾನ್ಶನ್ ವಾಲ್ವ್‌ನ ಸಣ್ಣ ತೂತಿನಲ್ಲಿ ಕೂತರೆ ಡ್ಯಾಶ್‌ಬೋರ್ಡ್ ಬಿಚ್ಚುವ ಕೆಲಸ ಬರಬಹುದು. ಗ್ಯಾಸ್ ಎಳೆಯುವ ಮಶೀನಿಗೂ ಹತ್ತಿಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು (ಹನ್ನೆರಡು ದಿನದ ನಂತರ):
ಅಣ್ಣಾ, ಬಂಪರ್ ಬಿಚ್ಚಿಸಿದೆ. ಅರ್ಧ ಬುಟ್ಟಿ ಸೂಜಿ ಎಲೆ, ಒಂದು ಚಿಪ್ಸ್ ಪಾಕೀಟು, ಒಂದು ಸತ್ತ ಏಡಿ. ಎರಡೂ ರೆಸಿಸ್ಟರ್ ತುಂಡು. ಬಲಗಡೆಯ ಮೋಟರ್ ಜಾಮ್. ಬಲ ಕಂಡೆನ್ಸರ್ ಮೂಲೆಯಲ್ಲಿ ಎಣ್ಣೆ ಜಿಡ್ಡೂ ಇತ್ತು. ಕಂಡೆನ್ಸರ್‌ಗೆ ವೆಲ್ಡಿಂಗ್ ಮಾಡಿಸಲಾ?

ಉತ್ತರ:
ಬೇಡ. ಅಲ್ಯೂಮಿನಿಯಂ ಉಪ್ಪಿಗೆ ತೂತು ಬಿದ್ದರೆ ಅದರ ಸುತ್ತಲೂ ತೆಳುವಾಗಿರುತ್ತದೆ. ಇಲ್ಲಿ ಬೆಸೆದರೆ ಪಕ್ಕದಲ್ಲಿ ಒಡೆಯುತ್ತದೆ. ಕಂಪ್ರೆಸರ್‌ಗೆ ಅಂತ ಇಟ್ಟ ದುಡ್ಡಿನಲ್ಲಿ ಹೊಸ ಕಂಡೆನ್ಸರ್ ಹಾಕು. ಪೈಪ್ ಬಿಚ್ಚಿದ ಮೇಲೆ ತೇವ ಹೀರುವ ಡ್ರೈಯರ್, ಜೋಡಣೆಯ ಓ ರಿಂಗ್ (ರಬ್ಬರ್ ಬಳೆ) ಹೊಸದೇ ಇರಲಿ.

ವ್ಯಾಕ್ಯೂಮ್, ಅಂದರೆ ಪೈಪಿನೊಳಗಿನ ಗಾಳಿ, ತೇವ ಎಳೆದು ತೆಗೆಯುವ ವಿಷಯದಲ್ಲಿ ಹಟ ಹಿಡಿ. ಹತ್ತು ನಿಮಿಷ ಹಾಕಿ ಸಾಕು ಅನ್ನುತ್ತಾರೆ, ಸಾಲದು. ನಮ್ಮ ಕರಾವಳಿ ಗಾಳಿಯಲ್ಲೇ ನೀರಿದೆ. ಕಂಪ್ರೆಸರ್ ಎಣ್ಣೆಯೋ ನೀರನ್ನು ಹೀರುವ ಜಾತಿಯದು. ಇಷ್ಟುದ್ದ ಪೈಪ್ ಇರುವ ಗಾಡಿಗೆ ಮುಕ್ಕಾಲು ಗಂಟೆಯಾದರೂ ಎಳೆಯಲಿ. ಆಮೇಲೆ ಪಂಪ್ ನಿಲ್ಲಿಸಿ, ಲೀಕ್ ನೋಡಲು, ಗೇಜಿನ ಮುಳ್ಳು ಏರುತ್ತದಾ ಅಂತ ಅರ್ಧ ಗಂಟೆ ಕಾಯಲಿ. ಗ್ಯಾಸ್ ಆರ್134ಎ, ತೂಕ ಹಾಕಿಯೇ ತುಂಬಲಿ. ಬಂಪರ್ ಬಾಯಿಗೆ ಸಣ್ಣ ಕಣ್ಣಿನ ಜಾಳಿಗೆಯನ್ನೂ ಈಗಲೇ ಕಟ್ಟಿಸು. ಗಾಡಿಯನ್ನು ಆ ಮರದಿಂದ ಆಚೆ ನಿಲ್ಲಿಸು.

ಶಿರಸಿಯಿಂದ ಒಬ್ಬರು:
ನಮ್ಮದೂ ಹಳೆಯ ಎರಡು ಸೀಟಿನ ಗಾಡಿ. ಮಳೆಗಾಲ ನಾಲ್ಕು ತಿಂಗಳು ಶೆಡ್ಡಿನಲ್ಲೇ. ದೀಪಾವಳಿಗೆ ತೆಗೆದರೆ ಗ್ಯಾಸ್ ಖಾಲಿ, ಕಂಪ್ರೆಸರ್ ಹತ್ತಿರ ಜಿಡ್ಡು. ಪ್ರತಿ ವರ್ಷವೂ ಇದೇ ಹಾಡು.

ಉತ್ತರ:
ಅದು ಶಾಫ್ಟ್ ಸೀಲ್, ಅಂದರೆ ಕಂಪ್ರೆಸರ್‌ನ ತಿರುಗುವ ಕಂಬಿಯ ಸುತ್ತ ಗ್ಯಾಸ್ ತಡೆಯುವ ಬಳೆ ಇರಬೇಕು. ಎಣ್ಣೆ ಓಡಾಡುತ್ತಿದ್ದರೆ ಸೀಲ್ ಮೆತ್ತಗಿರುತ್ತದೆ, ನಿಂತರೆ ಒಣಗುತ್ತದೆ. ಮೊದಲು ಸೀಲ್ ಬದಲಾಯಿಸಿ. ಆಮೇಲೆ ಮಳೆಗಾಲದಲ್ಲೂ ವಾರಕ್ಕೊಮ್ಮೆ ಎಂಜಿನ್ ಚಾಲೂ ಮಾಡಿ, ಹತ್ತು ನಿಮಿಷ ಎಸಿ ಓಡಿಸಿ. ಶೆಡ್ಡಿನಲ್ಲಿ ಅಡಿಕೆಯನ್ನೂ ಇಟ್ಟಿದ್ದರೆ ಎಸಿ ಹಾಕುವ ಮೊದಲು ಒಮ್ಮೆ ವೈರ್ ನೋಡಿಕೊಳ್ಳಿ. ಕಂಪ್ರೆಸರ್ ಚಾಲೂ ಮಾಡುವ ಕ್ಲಚ್ಚಿನ ವೈರನ್ನು ಇಲಿ ಕಡಿದಿದ್ದರೆ, ಕಂಪ್ರೆಸರೇ ಕೆಟ್ಟಿದೆ ಅಂದುಕೊಂಡು ನಾನೇ ಒಂದು ಇಡೀ ದಿನ ಕಳೆದಿದ್ದೇನೆ.

ಪ್ರಶ್ನೆ ಕೇಳಿದವರು:
ಕಂಡೆನ್ಸರ್ ಬಂತು ಅಣ್ಣಾ, ಹಾಕಿಸಿದೆ. ನಿನ್ನೆ ಮಾಜಾಳಿಯಲ್ಲಿ ಇಪ್ಪತ್ತು ನಿಮಿಷ ನಿಂತಿದ್ದೆ, ತಂಪು ಹಾಗೇ ಇತ್ತು. ಗಾಡಿ ಈಗ ತೆಂಗಿನ ಮರದ ಕೆಳಗೆ.

ಉತ್ತರ:
ತೆಂಗಿನ ಮರವಾ? ಮೇಲಿನ ಹುಡ್ ಬಟ್ಟೆಯದು ಮಾರಾಯ, ಕಾಯಿ ಬೀಳುವ ಮುಂಚೆ ಗಾಡಿ ಅಲ್ಲಿಂದ ತೆಗಿ.