ಮೂವರು ಲೇಖಕರೋ, ಆರು ಮಂದಿಯೋ? ವೈದ್ಯಕೀಯ ಜರ್ನಲ್‌ಗೆ ಆಕರಪಟ್ಟಿ ಸಿದ್ಧಪಡಿಸುವ ಬಗ್ಗೆ

ಪ್ರಶ್ನೆ: ಸ್ನಾತಕೋತ್ತರ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಇಬ್ಬರು ಸಹಲೇಖಕರೊಂದಿಗೆ ಬರೆದ ನನ್ನ ಮೊದಲ ಸಂಶೋಧನಾ ಲೇಖನವು ವಿಮರ್ಶಕರ ಕೈ ಸೇರುವ ಮೊದಲೇ, “ಆಕರಗಳು ನಮ್ಮ ಶೈಲಿಯಲ್ಲಿಲ್ಲ, ಸರಿಪಡಿಸಿ ಕಳುಹಿಸಿ” ಎಂಬ ಒಂದೇ ಸಾಲಿನ ಟಿಪ್ಪಣಿಯೊಂದಿಗೆ ಸಂಪಾದಕೀಯ ಕಚೇರಿಯಿಂದ ಹಿಂದಿರುಗಿದೆ. ಲೇಖಕರಿಗಾಗಿ ಕೊಟ್ಟಿರುವ ಸೂಚನೆಗಳಲ್ಲಿ “ವ್ಯಾಂಕೂವರ್ ಶೈಲಿ” ಎಂಬುದರ ಹೊರತು ಬೇರೇನೂ ಇಲ್ಲ. ಒಟ್ಟು 42 ಆಕರಗಳಿದ್ದು, ಬಹುಪಾಲನ್ನು ನಾನೇ ಕೈಯಾರೆ ಟೈಪ್ ಮಾಡಿದ್ದೇನೆ. ಚರ್ಚೆಯ ಭಾಗದಲ್ಲಿ ಒಂದು ಪ್ಯಾರಾವನ್ನು ಮೇಲಕ್ಕೆ ಸರಿಸಿದ್ದರಿಂದ ಈಗ 17ನೆಯ ಆಕರವು 9ಕ್ಕಿಂತ ಮೊದಲೇ ಬರುತ್ತಿದೆ. ಕೆಲವು ಆಕರಗಳು ಕೋಷ್ಟಕ 2ರಲ್ಲಿ ಮಾತ್ರ ಇವೆ. ಅವುಗಳಿಗೆ ಯಾವ ಸಂಖ್ಯೆ ಕೊಡಬೇಕೆಂದು ತಿಳಿಯುತ್ತಿಲ್ಲ. ಲೇಖಕರ ಹೆಸರುಗಳನ್ನು ಮೂವರಿಗೆ ನಿಲ್ಲಿಸಬೇಕೋ, ಆರು ಮಂದಿಗೋ ಎಂಬ ವಿಷಯದಲ್ಲಿ ನಮ್ಮ ಮೂವರಲ್ಲೇ ಒಮ್ಮತವಿಲ್ಲ. ಸಹಲೇಖಕರೊಬ್ಬರು ಆಕರಗಳನ್ನು ನಿರ್ವಹಿಸುವ ತಂತ್ರಾಂಶವಾದ ಜೊಟೆರೊ ಬಳಸಿ ನೋಡಿದಾಗ ವಿಶ್ವ ಆರೋಗ್ಯ ಸಂಸ್ಥೆಯ ಇಂಗ್ಲಿಷ್ ಹೆಸರು “ಆರ್ಗನೈಸೇಷನ್ ಡಬ್ಲ್ಯುಎಚ್” ಎಂಬ ವ್ಯಕ್ತಿಯಾಗಿ ಪಟ್ಟಿಯಲ್ಲಿ ಕಾಣಿಸಿಕೊಂಡಿತು. ಎಲ್ಲವನ್ನೂ ಮೊದಲಿನಿಂದ ಮಾಡುವುದೇ ಮೇಲೇ?

ಉತ್ತರ: ಹಸ್ತಪ್ರತಿ ತಿದ್ದುವವರು

ವ್ಯಾಂಕೂವರ್ ಶೈಲಿ ಎಂಬುದು ಒಂದು ಮನೆತನದ ಹೆಸರಿದ್ದಂತೆ; ಒಳಗೆ ಹಲವು ಮನೆಗಳಿವೆ. 1978ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿದ ವೈದ್ಯಕೀಯ ಪತ್ರಿಕಾ ಸಂಪಾದಕರ ಸಣ್ಣ ಗುಂಪೊಂದು ರೂಪಿಸಿದ ನಿಯಮಗಳು ಮರುವರ್ಷ ಪ್ರಕಟವಾದವು. ಆ ಗುಂಪೇ ಮುಂದೆ ವೈದ್ಯಕೀಯ ಜರ್ನಲ್ ಸಂಪಾದಕರ ಅಂತಾರಾಷ್ಟ್ರೀಯ ಸಮಿತಿಯಾಗಿ ಬೆಳೆಯಿತು. ಈ ಮನೆತನದ ಎಲ್ಲ ಜರ್ನಲ್‌ಗಳಿಗೂ ಸಾಮಾನ್ಯವಾದ ಅಂಶವೆಂದರೆ, ಪಠ್ಯದಲ್ಲಿ ಮೊದಲು ಉಲ್ಲೇಖವಾದ ಕ್ರಮದಲ್ಲೇ ಆಕರಗಳಿಗೆ ಸಂಖ್ಯೆ ಕೊಡುವುದು ಮತ್ತು ಅದೇ ಆಕರ ಮತ್ತೆ ಬಂದಾಗ ಹಳೆಯ ಸಂಖ್ಯೆಯನ್ನೇ ಬಳಸುವುದು. ಉಳಿದದ್ದು ಜರ್ನಲ್‌ನಿಂದ ಜರ್ನಲ್‌ಗೆ ಬದಲಾಗುತ್ತದೆ.

ಲೇಖಕರ ಸಂಖ್ಯೆಯ ಜಗಳ ಹುಟ್ಟುವುದೂ ಇಲ್ಲಿಯೇ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಮಾದರಿಯನ್ನು ಅನುಸರಿಸುವ ಅನೇಕ ಜರ್ನಲ್‌ಗಳು ಮೊದಲ ಆರು ಹೆಸರುಗಳನ್ನು ಬರೆದು “ಎಟ್ ಆಲ್” (ಮತ್ತು ಇತರರು) ಸೇರಿಸುತ್ತವೆ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಶೈಲಿಯಲ್ಲಾದರೋ ಆರು ಮಂದಿಯವರೆಗೆ ಎಲ್ಲರ ಹೆಸರೂ ಇರುತ್ತದೆ. ಏಳನೆಯವರು ಬಂದೊಡನೆ ಪಟ್ಟಿ ಮೂವರಿಗೆ ಕುಗ್ಗುತ್ತದೆ. ಆದ್ದರಿಂದ ನೀವು ಮೂವರೂ ವಾದಿಸುವುದನ್ನು ಬಿಟ್ಟು, ಆ ಜರ್ನಲ್‌ನ ಇತ್ತೀಚಿನ ಸಂಚಿಕೆಯೊಂದನ್ನು ತೆರೆದು, ಏಳಕ್ಕಿಂತ ಹೆಚ್ಚು ಲೇಖಕರಿರುವ ಆಕರವೊಂದನ್ನು ಅದರ ಪಟ್ಟಿಯಲ್ಲಿ ಹುಡುಕಿ. ಸೂಚನೆಗಳ ಪುಟಕ್ಕಿಂತ ಅಚ್ಚಾದ ಪುಟವೇ ಹೆಚ್ಚು ನಂಬಿಕೆಗೆ ಅರ್ಹವೆಂಬುದು ನನ್ನ ಅನುಭವ.

ಒಂದೇ ಆಕರವನ್ನು ಹತ್ತಿರದಿಂದ ನೋಡೋಣ. ಧೂಮಪಾನ ಮತ್ತು ಶ್ವಾಸಕೋಶದ ಕ್ಯಾನ್ಸರ್ ಕುರಿತು ಡಾಲ್ ಮತ್ತು ಹಿಲ್ ಬರೆದ ಪ್ರಸಿದ್ಧ ಲೇಖನದ ಆಕರವು ಗ್ರಂಥಾಲಯದ ಮಾದರಿಯಲ್ಲಿ 1950;2(4682):739-48 ಎಂದು ಮುಗಿಯುತ್ತದೆ: ವರ್ಷ, ಅರ್ಧವಿರಾಮ, ಸಂಪುಟ, ಆವರಣದಲ್ಲಿ ಸಂಚಿಕೆ, ಕೋಲನ್, ಪುಟಗಳು, ನಡುವೆ ಎಲ್ಲಿಯೂ ಖಾಲಿ ಜಾಗವಿಲ್ಲ. ಕೊನೆಯ ಪುಟಸಂಖ್ಯೆಯಲ್ಲಿ ಬದಲಾಗದ 7 ಅನ್ನು ಬಿಟ್ಟಿರುವುದನ್ನು ಗಮನಿಸಿ. ಅಸೋಸಿಯೇಷನ್ ಶೈಲಿಯಲ್ಲಿ ಅದನ್ನೇ 739-748 ಎಂದು ಪೂರ್ತಿ ಬರೆಯುತ್ತಾರೆ. ಜರ್ನಲ್‌ನ ಹೆಸರನ್ನೂ ಊಹಿಸಿ ಮೊಟಕುಗೊಳಿಸಬಾರದು. ಈ ಲೇಖನ ಬಂದ ಬ್ರಿಟಿಷ್ ಮೆಡಿಕಲ್ ಜರ್ನಲ್‌ಗೆ ಬಿಎಂಜೆ ಎಂಬ ಹೆಸರು ಅಧಿಕೃತವಾದದ್ದು 1988ರಲ್ಲಿ. 1950ರ ಲೇಖನಕ್ಕೆ “ಬ್ರ್ ಮೆಡ್ ಜೆ” ಎಂದೇ ಹಾಕಬೇಕು. ಲ್ಯಾನ್ಸೆಟ್‌ನಂಥ ಒಂದೇ ಪದದ ಹೆಸರನ್ನು ಮೊಟಕುಗೊಳಿಸುವಂತೆಯೇ ಇಲ್ಲ.

ಕೋಷ್ಟಕದಲ್ಲಿ ಮಾತ್ರ ಬರುವ ಆಕರಗಳಿಗೂ ನಿಯಮವಿದೆ. ಪಠ್ಯದಲ್ಲಿ “ಕೋಷ್ಟಕ 2” ಎಂದು ಮೊದಲ ಬಾರಿಗೆ ಹೇಳಿದ ಜಾಗಕ್ಕೆ ಆ ಆಕರಗಳೆಲ್ಲ ಬಂದು ಕುಳಿತಿವೆ ಎಂದು ಭಾವಿಸಿಕೊಂಡು ಸಂಖ್ಯೆ ಕೊಡಿ.

ಉತ್ತರ: ವೈದ್ಯಕೀಯ ಗ್ರಂಥಪಾಲಕ

ಮೊದಲಿನಿಂದ ಮಾಡುವುದೇ ಮೇಲು. 42 ಆಕರಗಳಿಗೆ ಒಂದು ಸಂಜೆ ಸಾಕು. ಪ್ರತಿಯೊಂದನ್ನೂ ವೈದ್ಯಕೀಯ ಲೇಖನಗಳ ಆನ್‌ಲೈನ್ ಸೂಚಿಯಾದ ಪಬ್‌ಮೆಡ್‌ನಲ್ಲಿ ಹುಡುಕಿ, ಅಲ್ಲಿ ಆ ಲೇಖನಕ್ಕೆ ಕೊಟ್ಟಿರುವ ಪಿಎಂಐಡಿ ಎಂಬ ಗುರುತಿನ ಸಂಖ್ಯೆಯನ್ನು ಜೊಟೆರೊದಲ್ಲಿ ನಮೂದಿಸಿದರೆ ವಿವರಗಳು ತಾವಾಗಿಯೇ ತುಂಬಿಕೊಳ್ಳುತ್ತವೆ. ಪಠ್ಯದಲ್ಲಿ ನೀವು ಟೈಪ್ ಮಾಡಿದ ಅಂಕಿಗಳನ್ನು ಅಳಿಸಿ, ಆ ಜಾಗಗಳಲ್ಲಿ ತಂತ್ರಾಂಶದ ಮೂಲಕವೇ ಉಲ್ಲೇಖಗಳನ್ನು ಸೇರಿಸಿದರೆ, ಪ್ಯಾರಾಗಳನ್ನು ಎಷ್ಟು ಬಾರಿ ಸರಿಸಿದರೂ ಸಂಖ್ಯೆಗಳು ಹೊಸದಾಗಿ ಹೊಂದಿಕೊಳ್ಳುತ್ತವೆ.

“ಆರ್ಗನೈಸೇಷನ್ ಡಬ್ಲ್ಯುಎಚ್” ಮಹಾಶಯರ ಪರಿಚಯ ನನಗೂ ಚೆನ್ನಾಗಿಯೇ ಇದೆ! ಸಂಸ್ಥೆಯ ಹೆಸರನ್ನು ವ್ಯಕ್ತಿಯ ಹೆಸರೆಂದು ತಿಳಿದ ತಂತ್ರಾಂಶವು ಕೊನೆಯ ಪದವನ್ನು ಕುಲನಾಮವಾಗಿಸಿ, ಉಳಿದವನ್ನು ಇನಿಶಿಯಲ್‌ಗಳಾಗಿ ಕತ್ತರಿಸಿದೆ. ಲೇಖಕರ ಹೆಸರಿನ ಪಕ್ಕದಲ್ಲಿರುವ ಸಣ್ಣ ಗುಂಡಿಯನ್ನು ಒತ್ತಿ, ಎರಡು ಕ್ಷೇತ್ರಗಳನ್ನು ಒಂದಾಗಿಸಿ, ಸಂಸ್ಥೆಯ ಪೂರ್ಣ ಹೆಸರನ್ನು ಅಲ್ಲಿ ಬರೆಯಿರಿ. ಶೀರ್ಷಿಕೆಯ ಪ್ರತಿ ಪದವೂ ದೊಡ್ಡಕ್ಷರದಿಂದ ಆರಂಭವಾಗಿದ್ದರೆ ಅದನ್ನೂ ಜೊಟೆರೊದಲ್ಲಿರುವ ದಾಖಲೆಯಲ್ಲೇ ತಿದ್ದಿ. ವರ್ಡ್ ಕಡತದಲ್ಲಿ ತಿದ್ದಿದರೆ ಮುಂದಿನ ಬಾರಿ ಪಟ್ಟಿ ಪರಿಷ್ಕೃತವಾದಾಗ ಹಳೆಯ ತಪ್ಪೇ ಮರಳಿ ಬರುತ್ತದೆ.

ಕಳುಹಿಸುವ ಮುನ್ನ ಉಲ್ಲೇಖಗಳನ್ನು ತಂತ್ರಾಂಶಕ್ಕೆ ಜೋಡಿಸುವ ಕೊಂಡಿಗಳನ್ನು ತೆಗೆದು ಸಾದಾ ಪಠ್ಯವನ್ನಾಗಿಸುವಂತೆ ಜರ್ನಲ್ ಕೇಳಿದರೆ, ಕೊಂಡಿಗಳಿರುವ ಪ್ರತಿಯೊಂದನ್ನು ಬೇರೆಯಾಗಿ ಇಟ್ಟುಕೊಳ್ಳಿ. ಒಮ್ಮೆ ಕೊಂಡಿಗಳನ್ನು ತೆಗೆದು ಕಡತವನ್ನು ಸೇವ್ ಮಾಡಿದರೆ ಅವು ಮತ್ತೆ ಸಿಗುವುದಿಲ್ಲ.

ಉತ್ತರ: ವಿಮರ್ಶಕರಲ್ಲೊಬ್ಬರು

ಮೇಲಿನ ಇಬ್ಬರೂ ಹೇಳಿದ್ದು ಸರಿ. ಆದರೆ ವಿಮರ್ಶೆಗೆ ಕುಳಿತಾಗ ನಾನು ಅರ್ಧವಿರಾಮಗಳನ್ನು ಎಣಿಸುವುದಿಲ್ಲ. ಎರಡು-ಮೂರು ಆಕರಗಳನ್ನು ತೆರೆದು, ಲೇಖಕರು ಹೇಳಿದ ಮಾತು ಅಲ್ಲಿ ಇದೆಯೇ ಎಂದು ನೋಡುತ್ತೇನೆ. 1980ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ, ಮಾದಕ ನೋವುನಿವಾರಕಗಳನ್ನು ಪಡೆದ ಆಸ್ಪತ್ರೆಯ ಒಳರೋಗಿಗಳಲ್ಲಿ ವ್ಯಸನ ವಿರಳವೆಂದು ಹೇಳುವ ಐದು ವಾಕ್ಯಗಳ ಪತ್ರವೊಂದು ಪ್ರಕಟವಾಗಿತ್ತು. 2017ರಲ್ಲಿ ಅದೇ ಜರ್ನಲ್‌ನಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ ಆ ಪತ್ರವನ್ನು 608 ಬಾರಿ ಉಲ್ಲೇಖಿಸಲಾಗಿದ್ದು, ಹೀಗೆ ಉಲ್ಲೇಖಿಸಿದವರಲ್ಲಿ ಶೇ. 72.2ರಷ್ಟು ಮಂದಿ ಅದನ್ನು ಒಪಿಯಾಯ್ಡ್ (ಅಂಥದೇ ಮಾದಕ ನೋವುನಿವಾರಕಗಳ) ಚಿಕಿತ್ಸೆಯಲ್ಲಿ ವ್ಯಸನ ಅಪರೂಪವೆಂಬುದಕ್ಕೆ ಪುರಾವೆಯಾಗಿ ಬಳಸಿದ್ದರು. ಒಳರೋಗಿಗಳು ಎಂಬ ಮಿತಿಯನ್ನು ಹೇಳದೆ ಬಿಟ್ಟವರೇ ಹೆಚ್ಚು. ಆ 608ರಲ್ಲಿ ವಿರಾಮಚಿಹ್ನೆಗಳು ಅಚ್ಚುಕಟ್ಟಾಗಿದ್ದ ಆಕರಗಳಿಗೇನೂ ಕೊರತೆ ಇದ್ದಿರಲಾರದು.

ಹಾಗಾಗಿ ಪಟ್ಟಿಯನ್ನು ಮತ್ತೆ ಕಟ್ಟುವಾಗಲೇ ಪ್ರತಿ ಲೇಖನವನ್ನೂ ತೆರೆದು ನೋಡಿ. ಹಿಂತೆಗೆದುಕೊಂಡ ಲೇಖನವಾದರೆ ಪಬ್‌ಮೆಡ್ ಪುಟದ ಮೇಲ್ಭಾಗದಲ್ಲೇ ಸೂಚನೆ ಇರುತ್ತದೆ. ಪ್ರಿಪ್ರಿಂಟ್ (ವಿಮರ್ಶೆಗೆ ಮುನ್ನವೇ ಬಹಿರಂಗಪಡಿಸಿದ ಪ್ರತಿ) ಆಗಿದ್ದರೆ ಹಾಗೆಂದು ಸ್ಪಷ್ಟವಾಗಿ ನಮೂದಿಸಿ. ಅಷ್ಟರಲ್ಲಿ ಅದು ಜರ್ನಲ್‌ನಲ್ಲಿ ಪ್ರಕಟವಾಗಿದ್ದರೆ ಆ ಆವೃತ್ತಿಯನ್ನೇ ಕೊಡಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದಗಳು. ಜರ್ನಲ್‌ನ ಹೊಸ ಸಂಚಿಕೆಯನ್ನು ತೆರೆದು ನೋಡಿದೆ: ಆರು ಹೆಸರು, ಮೊಟಕಾದ ಪುಟಸಂಖ್ಯೆ. ಪಿಎಂಐಡಿ ಮೂಲಕ ಎಲ್ಲವನ್ನೂ ಮತ್ತೆ ಸೇರಿಸುವಾಗ, 11 ಮತ್ತು 29 ಎಂದು ಬೇರೆ ಬೇರೆ ಸಂಖ್ಯೆ ಕೊಟ್ಟಿದ್ದ ಆಕರಗಳೆರಡೂ ಒಂದೇ ಲೇಖನವೆಂದು ಗೊತ್ತಾಯಿತು. ಒಂದರಲ್ಲಿ ಮೊದಲ ಲೇಖಕರ ಹೆಸರನ್ನು ನಾನು ತಪ್ಪಾಗಿ ಬರೆದಿದ್ದೆ. ಈಗ 41 ಉಳಿದಿವೆ. 31ನೆಯದನ್ನು ಬೇರೊಬ್ಬರ ಸಮೀಕ್ಷಾ ಲೇಖನದಿಂದ ಎತ್ತಿಕೊಂಡಿದ್ದೆನೇ ಹೊರತು ಮೂಲವನ್ನು ಓದಿರಲಿಲ್ಲ. ಅದರ ಪೂರ್ಣಪಾಠಕ್ಕಾಗಿ ನಮ್ಮ ಗ್ರಂಥಾಲಯಕ್ಕೆ ಬರೆದಿದ್ದೇನೆ. ಅದು ಕೈಗೆ ಬರುವವರೆಗೆ ಹಸ್ತಪ್ರತಿಯನ್ನು ಕಳುಹಿಸುವುದಿಲ್ಲ.